ಹಾಯಿದೋಣಿಗೆ ಎಷ್ಟು ಎಚ್‌ಪಿ ಸಾಕು?

ಗಾಳಿ ಬಿದ್ದುಹೋದರೆ ಹಾಯಿ ಬರೀ ಬಟ್ಟೆ. ಆಗ ದಡ ಮುಟ್ಟಿಸುವುದು ಹಿಂಬದಿಗೆ ಸಿಕ್ಕಿಸಿದ ಔಟ್‌ಬೋರ್ಡ್ ಮೋಟರು. ದೊಡ್ಡದನ್ನೇ ಕೊಂಡರೆ ಜೋರಾಗಿ ಓಡಬಹುದು ಎಂದುಕೊಳ್ಳುವವರಿದ್ದಾರೆ. ನೀರು ಅದಕ್ಕೆ ಒಪ್ಪುವುದಿಲ್ಲ.

ಅಮೆರಿಕದಲ್ಲಿ 15,000ಕ್ಕೂ ಹೆಚ್ಚು ತಯಾರಾದ ಕ್ಯಾಟಲೀನಾ 22 ದೋಣಿಯನ್ನೇ ನೋಡಿ. ತೂಕ ಸುಮಾರು ಒಂದು ಟನ್. ನೀರಿಗೆ ತಾಗುವ ಉದ್ದ 19 ಅಡಿ ಚಿಲ್ಲರೆ. ವೇಗ ಹೆಚ್ಚಿದಂತೆ ಇಂಥ ದೋಣಿ ತಾನೇ ಎಬ್ಬಿಸಿದ ಅಲೆಯ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎದುರಿನ ಅಲೆ ಏರುದಿಣ್ಣೆಯಂತೆ ಅಡ್ಡ ನಿಲ್ಲುತ್ತದೆ. ಆ ಮಿತಿಗೊಂದು ಲೆಕ್ಕವಿದೆ: ನೀರಮಟ್ಟದ ಉದ್ದವನ್ನು ಅಡಿಗಳಲ್ಲಿ ಹಿಡಿದು, ವರ್ಗಮೂಲ ತೆಗೆದು, 1.34ರಿಂದ ಗುಣಿಸಬೇಕು. ಇಲ್ಲಿ ಬರುವ ಉತ್ತರ 5.9 ನಾಟ್, ಅಂದರೆ ಗಂಟೆಗೆ ಸುಮಾರು 11 ಕಿ.ಮೀ. ಟನ್ನಿಗೆ 4 ಎಚ್‌ಪಿ ಎಂಬ ರೂಢಿಯ ಅಳತೆ ಇದಕ್ಕೆ ಸಾಕು. ಎದುರುಗಾಳಿ, ಸೆಳವು ಇರುವ ಕಡೆ 6 ಇದ್ದರೆ ನೆಮ್ಮದಿ. ನಾಲ್ಕು ಸ್ಟ್ರೋಕಿನ 6 ಎಚ್‌ಪಿ ಯಂತ್ರ 25 ಕಿಲೋ ಆಸುಪಾಸು ತೂಗಿದರೆ, 9.9ರದ್ದು ಸಾಮಾನ್ಯವಾಗಿ 40ರ ಹತ್ತಿರ. ಅಲುಗಾಡುವ ದೋಣಿಯಲ್ಲಿ ಬಗ್ಗಿ ಅದನ್ನು ಎತ್ತಿ ಕಳಚುವವರ ಸೊಂಟಕ್ಕೆ ಈ ಅಂತರ ಚೆನ್ನಾಗಿ ಗೊತ್ತಾಗುತ್ತದೆ.

ಎಚ್‌ಪಿಗಿಂತ ಹೆಚ್ಚು ಕಾಡುವುದು ಶಾಫ್ಟಿನ ಉದ್ದ. 15 ಇಂಚಿನ ಗಿಡ್ಡ ಶಾಫ್ಟ್ ತಗ್ಗಾದ ದೋಣಿಗಳಿಗೆ ಸರಿ. ಹಾಯಿದೋಣಿಯ ಹಿಂಬದಿ ಎತ್ತರ. ಹಾಯಿ ಇಳಿಸಲು ಒಬ್ಬರು ಮುಂಬದಿಗೆ ನಡೆದರೂ ಸಾಕು, ಹಿಂಭಾಗ ಮೇಲೆದ್ದು ಪ್ರೊಪೆಲ್ಲರ್ ಗಾಳಿಯಲ್ಲಿ ಗಿರ್ರನೆ ತಿರುಗಬಹುದು. ಹಾಗಾಗಿ 20 ಇಲ್ಲವೇ 25 ಇಂಚಿನದು ಬೇಕು.

ಪ್ರೊಪೆಲ್ಲರ್ ಕೂಡ ಕಡಿಮೆ ಪಿಚ್‌ನದಿರಲಿ. ಒಂದು ಸುತ್ತಿಗೆ ಕಡಿಮೆ ದೂರ ಸಾಗಿದರೂ ಅದು ಭಾರವನ್ನು ಗಟ್ಟಿಯಾಗಿ ತಳ್ಳುತ್ತದೆ. ಜೆಟ್ಟಿಯ ಹತ್ತಿರ ರಿವರ್ಸ್ ಹಾಕಿದಾಗ ದೋಣಿಯನ್ನು ಬೇಗ ನಿಲ್ಲಿಸುತ್ತದೆ.