ಜವಳುಂಟು, ಸವಳಿಲ್ಲ

ಚೌಡಾಪುರದಿಂದ ದೇವಲ ಗಾಣಗಾಪುರದ ಕಡೆ ಹೊರಳಿದರೆ ಸಂಗಮ ದೂರವಿಲ್ಲ. ಅಮರ್ಜಾ ಬಂದು ಭೀಮೆಯನ್ನು ಕೂಡುವುದು ಅಲ್ಲಿ. ಈ ಸೀಮೆಯ ಹೊಳೆಯ ಸ್ವಭಾವ ಇಲ್ಲಿನವರಿಗೆ ಗೊತ್ತು: ತಲೆಯ ಮೇಲೆ ಮೋಡದ ಸುಳಿವೇ ಇಲ್ಲದ ದಿನವೂ ಭೀಮೆ ದಡ ಮೀರಬಲ್ಲಳು. ಮಳೆ ಬಿದ್ದದ್ದು ಭೀಮಾಶಂಕರದ ಬೆಟ್ಟದಲ್ಲಿ, ಗೇಟು ತೆರೆದದ್ದು ಉಜನಿಯಲ್ಲಿ. ಅದಕ್ಕೆ ಸ್ಥಳೀಯ ಮಳೆಯೂ ಕೂಡಿಕೊಂಡ 2020ರ ಅಕ್ಟೋಬರ್‌ನಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು.

ಪರವೂರಿನ ಮಳೆಯನ್ನೇ ನಂಬಿದ ಇನ್ನೊಂದು ಒಣನಾಡು ಆಫ್ರಿಕಾದ ಬೋಟ್ಸ್ವಾನಾ. ಅಲ್ಲಿನ ಒಕವಾಂಗೊ ನದಿ ಹುಟ್ಟುವುದು ಅಂಗೋಲಾದ ಎತ್ತರದ ನಾಡಿನಲ್ಲಿ. ಅದು ಸಮುದ್ರ ಸೇರುವುದೇ ಇಲ್ಲ. ಕಲಹರಿಯ ಮರಳಿನಲ್ಲಿ ಬೀಸಣಿಗೆಯಂತೆ ಹರಡಿ, ಜವುಗಾಗಿ, ಅಲ್ಲಿಯೇ ಇಲ್ಲವಾಗುತ್ತದೆ. 2014ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸಾವಿರನೆಯ ತಾಣವಾಗಿ ಸೇರಿದ್ದು ಈ ಜವುಗುಸೀಮೆ.

ಪ್ರಾಣಿ ನೋಡಲು ಹೋಗುವವರು ಮೊದಲು ತಿಳಿಯಬೇಕಾದದ್ದು ನೀರಿನ ಲೆಕ್ಕ. ಅಂಗೋಲಾದಲ್ಲಿ ಜನವರಿ, ಫೆಬ್ರುವರಿಯ ಹೊತ್ತಿಗೆ ಸುರಿದ ಮಳೆ ಜವುಗಿನ ಕೆಳತುದಿಗೆ ಮುಟ್ಟುವಾಗ ಜೂನ್, ಜುಲೈ. ಜವುಗಿನ ಉದ್ದ ಸುಮಾರು 250 ಕಿ.ಮೀ., ಇಳಿಜಾರು ಮಾತ್ರ 60 ಮೀಟರ್ ಆಸುಪಾಸು. ಜೊಂಡಿನ ನಡುವೆ ನುಸುಳುತ್ತ, ಮರಳಿಗೆ ಇಂಗುತ್ತ ನೀರು ತೆವಳುತ್ತದೆ. ನಮ್ಮಲ್ಲಿ ಮುಂಗಾರು ಹಿಡಿದಿರುವಾಗ ಅಲ್ಲಿ ಚಳಿಗಾಲ, ಒಂದು ಹನಿ ಮಳೆಯಿಲ್ಲ. ಸುತ್ತಲ ಹೊಂಡಗಳೆಲ್ಲ ಬತ್ತಿ, ಆನೆ, ಕಾಡೆಮ್ಮೆ, ಜೀಬ್ರಾಗಳು ನೀರಿದ್ದಲ್ಲಿಗೆ ಬರುತ್ತವೆ. ನೋಡುವುದಕ್ಕೆ ಇದೇ ಕಾಲ. ಡಿಸೆಂಬರ್ ರಜೆಯಲ್ಲಿ ಹೋದರೆ ಅಲ್ಲಿ ಮಳೆಗಾಲ; ಎಲ್ಲೆಡೆ ನೀರು ಸಿಗುವುದರಿಂದ ಪ್ರಾಣಿಗಳು ಚದುರಿರುತ್ತವೆ.

ಆದರೆ ಭೀಮಾತೀರದ ರೈತನಿಗೆ ಆನೆಗಿಂತ ಮೊದಲು ಬೇರೊಂದು ಪ್ರಶ್ನೆ ಹುಟ್ಟಬೇಕು. ಕಾಲುವೆ ನೀರು ಹೆಚ್ಚಾಗಿ, ಬಸಿದುಹೋಗಲು ದಾರಿಯಿಲ್ಲದೆ ಎರೆಹೊಲ ಸವಳು-ಜವಳಾದ ಕಥೆ ಕೃಷ್ಣಾ ಕಣಿವೆಯಲ್ಲಿ ಹೊಸದಲ್ಲ. ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಟ್ಟುಹೋಗುತ್ತದೆ. ಒಕವಾಂಗೊಗೆ ಬರುವ ನೀರಿನಲ್ಲಿ ಹೊರಗೆ ಹರಿದುಹೋಗುವುದು ನೂರಕ್ಕೆ ಎರಡು-ಮೂರು ಪಾಲು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಆವಿ. ನದಿ ಹೊತ್ತು ತರುವ ಲವಣವೋ ವರ್ಷಕ್ಕೆ ಲಕ್ಷಾಂತರ ಟನ್. ಹಾಗಿದ್ದರೆ ಆ ಸೀಮೆ ಎಂದೋ ಉಪ್ಪಿನ ಬಯಲಾಗಬೇಕಿತ್ತು. ನೀರು ಮಾತ್ರ ಇಂದಿಗೂ ಸಿಹಿ. ಏಕೆ?

ದಕ್ಷಿಣ ಆಫ್ರಿಕಾದ ಭೂವಿಜ್ಞಾನಿ ಟೆರೆನ್ಸ್ ಮೆಕಾರ್ಥಿ ಮತ್ತು ಸಂಗಡಿಗರು ದಶಕಗಳ ಕಾಲ ಅಗೆದು, ಅಳೆದು ಕಂಡುಕೊಂಡ ಉತ್ತರ ಎಷ್ಟೋ ಕಡೆ ಒಂದು ಹುತ್ತದಿಂದ ಶುರುವಾಗುತ್ತದೆ. ನೀರು ಕಡಿಮೆಯಾದ ವರ್ಷಗಳಲ್ಲಿ ಗೆದ್ದಲು ನೆಲದ ಮೇಲೆ ಹುತ್ತ ಕಟ್ಟುತ್ತವೆ. ಮತ್ತೆ ನೀರು ಏರಿದಾಗ ಸುತ್ತ ಮುಳುಗಿ, ಹುತ್ತದ ನೆತ್ತಿ ಮಾತ್ರ ಒಣಗಿರುತ್ತದೆ. ಹಕ್ಕಿ ಉದುರಿಸಿದ ಬೀಜ ಅಲ್ಲಿ ಮೊಳೆತು ಮರವಾಗುತ್ತದೆ. ಆ ಮರಗಳು ಹಗಲೆಲ್ಲ ನೀರು ಹೀರಿ ಎಲೆಯಿಂದ ಬಿಡುವುದರಿಂದ ದ್ವೀಪದಡಿಯ ಅಂತರ್ಜಲ ಸುತ್ತಲಿನ ಜವುಗಿಗಿಂತ ಕೆಳಗಿಳಿಯುತ್ತದೆ. ಆಗ ಜವುಗಿನ ನೀರು ದ್ವೀಪದ ಕಡೆಗೇ ಸರಿಯುತ್ತದೆ, ಉಪ್ಪನ್ನೂ ಜೊತೆಗೆ ಎಳೆದುಕೊಂಡು. ಸುಣ್ಣ, ಸಿಲಿಕಾ ಅಂಚಿನ ಮಣ್ಣಿನಲ್ಲಿ ಕೂತು ದ್ವೀಪವನ್ನು ಎತ್ತರಿಸುತ್ತವೆ. ಸೋಡಾ ಉಪ್ಪು ಒಳಕ್ಕೆ, ನಡುಮಧ್ಯಕ್ಕೆ ಹೋಗಿ ಸೇರುತ್ತದೆ.

ದ್ವೀಪವೊಂದರ ದಡ ಹತ್ತಿ ಒಳಗೆ ನಡೆದರೆ ಇದನ್ನು ಕಣ್ಣಾರೆ ನೋಡಬಹುದು. ಅಂಚಿನಲ್ಲಿ ಅತ್ತಿಯ ಜಾತಿಯ ದೊಡ್ಡ ಮರಗಳು, ನಮ್ಮ ಈಚಲಿನ ದಾಯಾದಿ ಮರಗಳು. ಮುಂದೆ ಸವಳು ತಾಳುವ ಬೀಸಣಿಗೆ ಎಲೆಯ ತಾಳೆ. ಆಮೇಲೆ ಗಿಡ ಕುಳ್ಳಾಗಿ, ಬರೀ ಗಡಸು ಹುಲ್ಲು ಉಳಿದು, ನಡುವಿನಲ್ಲಿ ಬೆಳ್ಳಗೆ ಬೂಷ್ಟು ಹಿಡಿದಂಥ ಬಂಜರು ನೆಲ. ಮಂದವಾದ ಉಪ್ಪುನೀರು ತೂಕಕ್ಕೆ ನೆಲದಾಳಕ್ಕೆ ಇಳಿಯುತ್ತದೆ. ಅಂಥ ದ್ವೀಪಗಳು ಸಾವಿರಾರು. ಪ್ರವಾಸಿ ಕೈಪಿಡಿಗಳು ಸಿಂಹದ ಚಿತ್ರಕ್ಕೆ ಕೊಡುವ ಜಾಗದಲ್ಲಿ ಕಾಲು ಪಾಲನ್ನಾದರೂ ಗೆದ್ದಲಿಗೆ ಕೊಡಬಹುದಿತ್ತು.

ಜವುಗಿನಲ್ಲಿ ಓಡಾಡಲು ಮೊಕೊರೊ ಎಂಬ ಕಿರಿದಾದ ದೋಣಿ. ಹಿಂದೆ ನಿಂತವನು ಉದ್ದನೆಯ ಗಳದಿಂದ ತಳ ಒತ್ತುತ್ತ ಸಾಗಿಸುತ್ತಾನೆ. ಅವನ ಕಣ್ಣು ಸದಾ ನೀರಾನೆಯ ಮೇಲೆ. ರಾತ್ರಿ ಮೇಯಲು ಹೋಗಿ ಬರುವ ನೀರಾನೆ ತುಳಿದ ಜಾಡೇ ಕ್ರಮೇಣ ನೀರಿನ ಕಾಲುವೆಯಾಗುವುದೂ ಉಂಟು. ಲೆಚ್ವೆ ಎಂಬ ಜಿಂಕೆಯಂಥ ಪ್ರಾಣಿಯ ಗೊರಸು ಉದ್ದ, ಅಗಲವಾಗಿ ಬಿಚ್ಚಿಕೊಳ್ಳುವಂಥದು. ಮೊಳಕಾಲುದ್ದ ನೀರಿನಲ್ಲಿ ಅದು ಓಡಿದರೆ ಬೆನ್ನಟ್ಟಿದ ಪ್ರಾಣಿಗೇ ಕಷ್ಟ. ಜವುಗಿನ ಪೂರ್ವಭಾಗದ ಮೊರೆಮಿ ಅಭಯಾರಣ್ಯವನ್ನು 1963ರಲ್ಲಿ ಮಾಡಿದ್ದು ಬ್ರಿಟಿಷ್ ಆಡಳಿತವಲ್ಲ, ಬೇಟೆಯಿಂದ ಪ್ರಾಣಿಗಳು ಖಾಲಿಯಾಗುವುದನ್ನು ಕಂಡ ಅಲ್ಲಿನ ಬಟವಾನಾ ಜನ.

ಅಷ್ಟು ದೂರದ ಖರ್ಚು ಬೇಡವೆಂದರೆ ಜೇವರ್ಗಿ, ಶಹಾಪುರ ದಾಟಿ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹೋಗಬಹುದು. ಅಲ್ಲಿ ನೀರಾನೆಯಿಲ್ಲ, ಸಿಂಹವಿಲ್ಲ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳಿವೆ. ಇವು ಆಫ್ರಿಕಾಕ್ಕೆ ಹೋಗುವ ಹಕ್ಕಿಗಳಲ್ಲ. ಕೆನ್ನೀಲಿ ಬಕ ಮಾತ್ರ ಎರಡೂ ಕಡೆಯದು. ಭೀಮೆಯ ಮೇಲೆ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತು, ಕೊಕ್ಕು ಕೆಳಗೆ ಮಾಡಿ ನೆಟ್ಟಗೆ ಬೀಳುವ ಕಪ್ಪು-ಬಿಳಿ ಮಿಂಚುಳ್ಳಿಯೂ ಹಾಗೆಯೇ. ಕೂರಲು ಕೊಂಬೆಯಿಲ್ಲದ ಬಯಲು ನೀರಿನಲ್ಲೂ ಅದು ಮೀನು ಹಿಡಿಯಬಲ್ಲದು. ಸಣ್ಣ ಮೀನಾದರೆ ಹಾರುತ್ತಲೇ ನುಂಗುತ್ತದೆ, ದಡಕ್ಕೆ ಬರುವ ಗೋಜೇ ಇಲ್ಲ.