ಪ್ರಮಾಣಪತ್ರ ಕೇಳದ ಹಿಡಿಜೋಳ

ಭಾಲ್ಕಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಹಿರೇಮಠ ಸಂಸ್ಥಾನದ ಡಾ. ಚನ್ನಬಸವ ಪಟ್ಟದ್ದೇವರು. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಅವರ ಸಾಹಸ ಈ ಗಡಿನಾಡಿನಲ್ಲಿ ಇಂದಿಗೂ ಮನೆಮಾತು. ಹೊರಗೊಂದು ಹೆಸರು, ಒಳಗೊಂದು ಬದುಕು. ಇದೇ ತಾಲ್ಲೂಕಿನಲ್ಲಿ ಇಂಥ ಎರಡು ಫಲಕಗಳ ನಡುವೆ ಬದುಕುತ್ತ ಬಂದ ಇನ್ನೊಂದು ಸಮುದಾಯವೂ ಇದೆ. ಅದರ ಬಗ್ಗೆ ನಾವು ಬರೆದದ್ದು ಕಡಿಮೆ. ನಾನಂತೂ ಬರೆದದ್ದು ಒಂದೇ ಒಂದು ಸಾಲು, ಅದೂ ಸರ್ಕಾರಿ ಕಡತದಲ್ಲಿ. ಆ ಸಾಲಿನ ಕಥೆಯನ್ನು ಈಗ ಹೇಳಬೇಕೆನ್ನಿಸಿದೆ.

1998ರಲ್ಲಿ ನಾನು ಬೀದರ ಜಿಲ್ಲೆಯಲ್ಲಿ ಸೇವೆಯಲ್ಲಿದ್ದೆ. ಭಾಲ್ಕಿ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿಗೆ ನರ್ಸಿಂಗ್ ತರಬೇತಿಗೆ ಸೇರಲು ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಬೇಕಿತ್ತು. ಸ್ಥಳ ತನಿಖೆಗೆ ಹೋದೆ. ಒಂದೂವರೆ ಅಂಕಣದ ಮಣ್ಣಿನ ಮನೆ. ಗೋಡೆಯ ಮೇಲೆ ಯೇಸುವಿನ ಚಿತ್ರ, ಅದರ ಪಕ್ಕದಲ್ಲಿ ಚರ್ಚಿನ ಕ್ಯಾಲೆಂಡರ್. ತಂದೆ ಕೂಲಿ, ತಾಯಿ ಕೂಲಿ, ಅಜ್ಜನಿಗೆ ಊರ ಗೌಡರ ಬಾವಿಯಲ್ಲಿ ನೀರು ಸೇದುವ ಹಕ್ಕಿರಲಿಲ್ಲವೆಂದು ಊರವರೇ ಹೇಳಿದರು. ಶಾಲೆಯ ದಾಖಲೆಯಲ್ಲಿ ಹುಡುಗಿಗೆ ಒಂದು ಹೆಸರು. ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಬೈಬಲಿನ ಇನ್ನೊಂದು ಹೆಸರು. ‘ಕುಟುಂಬವು ಕ್ರೈಸ್ತಧರ್ಮವನ್ನು ಅನುಸರಿಸುತ್ತಿರುವುದು ಕಂಡುಬಂದಿದೆ’ ಎಂದು ಬರೆದೆ. ಅರ್ಜಿ ತಿರಸ್ಕೃತವಾಯಿತು.

ನಿಯಮದ ದೃಷ್ಟಿಯಿಂದ ನಾನು ಮಾಡಿದ್ದರಲ್ಲಿ ತಪ್ಪಿಲ್ಲ. ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶ, 1950ರ ಮೂರನೆಯ ಕಂಡಿಕೆಯ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲಿಗೆ ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರಲ್ಲಿ ಸೇರಿಸಲಾಯಿತು. ಕ್ರೈಸ್ತರು ಮತ್ತು ಮುಸ್ಲಿಮರು ಹೊರಗುಳಿದರು. ಬೀದರ ಜಿಲ್ಲೆಯಲ್ಲಿ ಅಂಬೇಡ್ಕರರ ಹಾದಿ ಹಿಡಿದು ಬೌದ್ಧರಾದ ಕುಟುಂಬಗಳೂ ಬಹಳ. ಹೀಗಾಗಿ ಒಂದೇ ಕೇರಿಯ ಎರಡು ಮನೆಗಳ ಪೈಕಿ ಒಂದರ ಮಗುವಿಗೆ ಪ್ರಮಾಣಪತ್ರ ಸಿಗುತ್ತದೆ, ನಡುಗೋಡೆಯಾಚೆಯ ಮಗುವಿಗೆ ಸಿಗುವುದಿಲ್ಲ. ಆದರೆ ನನ್ನ ತಪ್ಪು ಬೇರೆಡೆ ಇತ್ತು. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ನಮ್ಮ ರಾಜ್ಯ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಪರಿಗಣಿಸುತ್ತದೆ. ಆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಕೊಳ್ಳಿ ಎಂದು ಒಂದು ಮಾತು ಹೇಳುವುದು ನನ್ನ ಕರ್ತವ್ಯವಾಗಿತ್ತು. ಹೇಳಲಿಲ್ಲ. ಕಡತ ವಿಲೇವಾರಿಯಾಯಿತು ಎಂಬ ಸಮಾಧಾನದಲ್ಲಿ ಜೀಪು ಹತ್ತಿದೆ.

ಕೆಲವು ತಿಂಗಳ ಬಳಿಕ ಬೇರೆ ಕೆಲಸದ ಮೇಲೆ ಅದೇ ಊರಿಗೆ ಹೋದಾಗ ಹುಡುಗಿ ತರಬೇತಿಗೆ ಸೇರಿದ್ದಾಳೆಂದು ತಿಳಿಯಿತು. ಮೊದಲ ವರ್ಷದ ಶುಲ್ಕ ಕಟ್ಟಿದ್ದು ಸುಮಾರು ಮೂವತ್ತು ಮನೆಗಳ ಮೆಥೋಡಿಸ್ಟ್ ಸಭೆ. ಆ ಮೂವತ್ತರಲ್ಲಿ ಎರಡೆಕರೆಗಿಂತ ಹೆಚ್ಚು ಭೂಮಿ ಇದ್ದ ಮನೆ ಒಂದೂ ಇರಲಿಲ್ಲ. ಹಣ ಎಲ್ಲಿಂದ ಬಂತೆಂದು ಕೇಳಿದೆ. ಸಭೆಯ ಹಿರಿಯ ಹೆಣ್ಣುಮಗಳೊಬ್ಬರು ಒಳಗಿನಿಂದ ಒಂದು ಡಬ್ಬಿ ತಂದು ತೋರಿಸಿದರು. ದಿನವೂ ರೊಟ್ಟಿಗೆ ಹಿಟ್ಟು ತೆಗೆಯುವಾಗ, ಅನ್ನಕ್ಕೆ ಅಕ್ಕಿ ಅಳೆಯುವಾಗ ಮನೆಯೊಡತಿ ಒಂದು ಹಿಡಿಯನ್ನು ಆ ಡಬ್ಬಿಗೆ ಹಾಕಬೇಕು. ಭಾನುವಾರ ಅದು ಚರ್ಚಿಗೆ ಹೋಗುತ್ತದೆ. ಜೋಳ, ಅಕ್ಕಿ, ಹೆಸರು ಎಲ್ಲವನ್ನೂ ಮಾರಿದ ಹಣದಲ್ಲಿ ಮೊದಲು ರೋಗಿಗಳು, ವಿಧವೆಯರು, ಬಾಣಂತಿಯರು. ಉಳಿದದ್ದು ಉಳಿದ ಖರ್ಚಿಗೆ. ಆಕೆ ನನ್ನನ್ನು ಗುರುತಿಸಿದರು. ಸಿಟ್ಟಾಗಲಿಲ್ಲ. ‘ಸಾಹೇಬ್ರ, ನೀವು ಬರ್ದಿದ್ದು ಖರೇನೇ ಅದ. ಪೋರಿ ಓದಬೇಕನ್ನೋದೂ ಖರೇನೇ ಅದ’ ಎಂದು ಹೇಳಿ ಚಹಾ ಕೊಟ್ಟರು. ಅಷ್ಟು ಕಷ್ಟದಿಂದ ನಾನು ಕುಡಿದ ಚಹಾ ಮತ್ತೊಂದಿಲ್ಲ.

ಈ ಸಭೆಗಳ ಹಿನ್ನೆಲೆಯನ್ನು ಚುಟುಕಾಗಿ ಹೇಳಬೇಕು. ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಷನ್ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹೈದರಾಬಾದ್ ಸಂಸ್ಥಾನದ ಬೀದರ ಭಾಗಕ್ಕೆ ಬಂತು. ಶಾಲೆ, ಆಸ್ಪತ್ರೆಗಳು ಬಂದವು. ಸಭೆ ಸೇರಿದವರಲ್ಲಿ ಬಹುಪಾಲು ಅಸ್ಪೃಶ್ಯತೆಯ ಉರಿ ಉಂಡ ಕೇರಿಗಳ ಜನ. 1981ರಲ್ಲಿ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಸ್ವಾಯತ್ತ ಸಂಸ್ಥೆಯಾಯಿತು. ಮಿಷನರಿಗಳು ಹೋದರು, ಸಭೆಗಳು ಉಳಿದವು. ಉಳಿದದ್ದು ಹೇಗೆ ಎಂಬುದೇ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನ ಕುತೂಹಲ.

ಮೆಥೋಡಿಸ್ಟರ ಮೂಲದಲ್ಲೇ ಒಂದು ಲೆಕ್ಕದ ಪುಸ್ತಕವಿದೆ. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ಪ್ರಾರ್ಥನಾ ಮಂದಿರದ ಸಾಲ ತೀರಿಸುವ ದಾರಿ ಹುಡುಕುತ್ತಿದ್ದರು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಒಬ್ಬ ನಾವಿಕ ಸೂಚಿಸಿದ. ಬಡವರು ಎಲ್ಲಿಂದ ಕೊಡಬೇಕು ಎಂಬ ಪ್ರಶ್ನೆ ಬಂದಾಗ, ಹನ್ನೊಂದು ಬಡವರನ್ನು ನನಗೆ ಒಪ್ಪಿಸಿ, ಕೊಡಲಾಗದವರ ಪಾಲನ್ನು ನಾನೇ ತುಂಬುತ್ತೇನೆ ಎಂದನಂತೆ. ಹೀಗೆ ಹನ್ನೆರಡು ಜನರ ಗುಂಪುಗಳಾದವು. ಪೆನ್ನಿ ಸಂಗ್ರಹಿಸಲು ವಾರವಾರ ಮನೆಗೆ ಹೋದವನ ಕಣ್ಣಿಗೆ ಯಾರು ಕಾಯಿಲೆ ಬಿದ್ದಿದ್ದಾರೆ, ಯಾರ ಒಲೆ ಉರಿದಿಲ್ಲ, ಯಾರು ಕುಡಿತಕ್ಕೆ ಮರಳಿದ್ದಾರೆ ಎಂಬುದೆಲ್ಲ ಬಿತ್ತು. ಸಾಲ ವಸೂಲಿಗೆ ಹುಟ್ಟಿದ ಏರ್ಪಾಡು ಪರಸ್ಪರ ಆರೈಕೆಯ ವ್ಯವಸ್ಥೆಯಾಗಿ ಬೆಳೆಯಿತು. 1746ರಲ್ಲಿ ವೆಸ್ಲಿ ಲಂಡನ್ನಿನಲ್ಲಿ ಬಡವರಿಗೆ ಇಪ್ಪತ್ತು ಶಿಲ್ಲಿಂಗ್‌ವರೆಗೆ ಸಾಲ ಕೊಡುವ ನಿಧಿಯನ್ನೂ ಆರಂಭಿಸಿದ. ವಾರದ ಕಂತುಗಳಲ್ಲಿ ಮೂರು ತಿಂಗಳೊಳಗೆ ಮರಳಿಸಬೇಕು. ಸ್ವಸಹಾಯ ಸಂಘಗಳನ್ನು ನಾವು ಕಂಡುಹಿಡಿದೆವೆಂದು ಬೀಗಿದ ನಮ್ಮಂಥ ಅಧಿಕಾರಿಗಳು ಇದನ್ನು ಓದಿದ್ದರೆ ಒಳ್ಳೆಯದಿತ್ತು. ಭಾಲ್ಕಿಯ ಆ ಡಬ್ಬಿಗೂ ಬ್ರಿಸ್ಟಲ್ಲಿನ ಪೆನ್ನಿಗೂ ಇರುವ ನಂಟು ನನಗೆ ತಿಳಿದದ್ದು ನಿವೃತ್ತಿಯ ನಂತರ.

ಹಳ್ಳಿಯ ಪರಸ್ಪರ ನೆರವಿನ ಬಗ್ಗೆ ಅರ್ಥಶಾಸ್ತ್ರಜ್ಞ ರಾಬರ್ಟ್ ಟೌನ್‌ಸೆಂಡ್ 1994ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಸಂಗ್ರಹಿಸಿದ್ದ ಮಾಹಿತಿಯನ್ನು ಆಧರಿಸಿ ಮೂರು ಒಣಬೇಸಾಯದ ಹಳ್ಳಿಗಳನ್ನು ಆತ ಪರಿಶೀಲಿಸಿದ. ಒಂದು ಮನೆಯ ಆದಾಯ ಕುಸಿದರೂ ಅದರ ಊಟದ ವೆಚ್ಚ ಅದೇ ಪ್ರಮಾಣದಲ್ಲಿ ಕುಸಿಯುವುದಿಲ್ಲ, ಊರು ಹೇಗೋ ತಾಳಿಕೊಳ್ಳುತ್ತದೆ ಎಂಬುದು ಆತ ಕಂಡ ಸಂಗತಿ. ಆದರೆ ಆ ಮೂರರಲ್ಲಿ ಒಂದು ಹಳ್ಳಿಯಲ್ಲಿ ಭೂಹೀನರಿಗೆ ಈ ರಕ್ಷಣೆ ನೆರೆಯವರಷ್ಟು ದೊರೆಯುತ್ತಿರಲಿಲ್ಲ ಎಂಬುದನ್ನೂ ಆತ ಗುರುತಿಸಿದ್ದಾನೆ. ನಮ್ಮ ಕಡೆಯ ‘ಮುಯ್ಯಿ’ ಪದ್ಧತಿಯನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಮದುವೆಗೆ ಕೊಟ್ಟದ್ದನ್ನು ಮದುವೆಗೆ ಮರಳಿಸಬೇಕು, ದುಡಿದು ಕೊಟ್ಟ ದಿನಕ್ಕೆ ದಿನ ದುಡಿಯಬೇಕು. ಮರಳಿಸುವ ಶಕ್ತಿಯೇ ಇಲ್ಲದವನಿಗೆ ಮುಯ್ಯಿ ಮಾಡುವವರು ಯಾರು? ಅವನಿಗೆ ಉಳಿಯುವುದು ಧಣಿಯ ಸಾಲ, ಸಾಲದ ಹಿಂದೆ ಜೀತ.

ಹಿಡಿಜೋಳದ ಡಬ್ಬಿ ಇಲ್ಲಿ ಬೇರೆಯಾಗುತ್ತದೆ. ಹಿಡಿ ಹಾಕಿದವಳು ಅದನ್ನು ನೆರೆಯವಳಿಗೆ ಕೊಡುವುದಿಲ್ಲ, ದೇವರಿಗೆ ಅರ್ಪಿಸುತ್ತಾಳೆ. ಪಡೆದವಳು ನೆರೆಯವಳಿಂದ ಪಡೆಯುವುದಿಲ್ಲ, ದೇವರ ಮನೆಯಿಂದ ಪಡೆಯುತ್ತಾಳೆ. ನಡುವೆ ಕೊಟ್ಟವರ ಮುಖ ಮರೆಯಾಗುತ್ತದೆ, ಅದರೊಂದಿಗೆ ಋಣವೂ. ವಿಶ್ವಾಸದ ಶಕ್ತಿ ಎಂದರೆ ನನ್ನ ಮಟ್ಟಿಗೆ ಇದು. ಪವಾಡದ ಮಾತನ್ನು ನಾನು ಆಡುತ್ತಿಲ್ಲ. ಕ್ಷಯಕ್ಕೆ ಪ್ರಾರ್ಥನೆ ಸಾಕು ಎನ್ನುವ ಪ್ರಸಂಗಿಗಳ ಬಗ್ಗೆ ನನಗೆ ಗೌರವವಿಲ್ಲ. ಆ ಹಿರಿಯ ಹೆಣ್ಣುಮಗಳಿಗೂ ಇರಲಿಲ್ಲ. ಅವರು ಪ್ರಾರ್ಥನೆ ಮುಗಿಸಿ ರೋಗಿಯನ್ನು ಬಸ್ಸಿಗೆ ಹತ್ತಿಸಿ, ಆಸ್ಪತ್ರೆಯಲ್ಲಿ ಜತೆಗೆ ಕೂರುವ ಸರದಿಯನ್ನು ನಿಗದಿಪಡಿಸುತ್ತಿದ್ದರು. ಬಡವನೊಬ್ಬ ತಲೆ ತಗ್ಗಿಸದೆ ಪಡೆಯುವಂತೆ, ಅದಕ್ಕಿಂತ ಮುಖ್ಯವಾಗಿ ತಲೆ ಎತ್ತಿ ಕೊಡುವಂತೆ ಮಾಡುವ ಸಾಮರ್ಥ್ಯ ನನ್ನ ಸೇವಾವಧಿಯಲ್ಲಿ ಯಾವ ಯೋಜನೆಗೂ ಬಂದದ್ದನ್ನು ನಾನು ಕಂಡಿಲ್ಲ. ವೃದ್ಧಾಪ್ಯ ವೇತನಕ್ಕೆ ವಯಸ್ಸಿನ, ಆದಾಯದ, ವಾಸಸ್ಥಳದ ಪುರಾವೆ ಕೇಳಿದ್ದೇವೆ. ಕೇಳಲೇಬೇಕು, ಸಾರ್ವಜನಿಕ ಹಣ. ಆದರೆ ಫಲಾನುಭವಿ ಎಂಬ ಪದವನ್ನು ಸಾವಿರ ಸಲ ಬರೆದ ನನಗೆ, ಅದೇ ಫಲಾನುಭವಿ ಭಾನುವಾರ ದಾನಿಯೂ ಆಗಿರಬಹುದೆಂದು ಹೊಳೆದಿರಲಿಲ್ಲ.

ಸುಗ್ಗಿಯ ಕಾಣಿಕೆಯ ಹಬ್ಬದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಚರ್ಚಿನ ಅಂಗಳದಲ್ಲಿ ಮೊದಲ ಬೆಳೆಯ ಹರಾಜು. ನಾನು ನೋಡಿದ ವರ್ಷ ಒಂದು ಕುಂಬಳಕಾಯಿ ನಾಲ್ಕು ಬಾರಿ ಹರಾಜಾಯಿತು. ಕೊಂಡವನು ಅದನ್ನು ಮತ್ತೆ ಮೇಜಿನ ಮೇಲಿಡುವುದು, ಮತ್ತೊಬ್ಬ ಕೂಗುವುದು. ಸಂತೆಯಲ್ಲಿ ಹತ್ತು ರೂಪಾಯಿಗೆ ಸಿಗುವ ಕಾಯಿಗೆ ಆ ದಿನ ನೂರಾರು ರೂಪಾಯಿ ಸಂದಿತು. ಬೇಡಿಕೆ-ಪೂರೈಕೆಯ ಪಾಠ ಓದಿದವನಿಗೆ ಅಲ್ಲಿ ಕೆಲಸವಿರಲಿಲ್ಲ.

ಎಲ್ಲವೂ ಚೆನ್ನಾಗಿದೆಯೆಂದು ಹೇಳಲಾರೆ. ಚರ್ಚಿನ ಆಸ್ತಿಗಳ ಜಗಳ ನ್ಯಾಯಾಲಯದ ಮೆಟ್ಟಿಲೇರಿದ್ದನ್ನು ಈ ಭಾಗದವರು ಬಲ್ಲರು. ಹೊಲೆಯ-ಮಾದಿಗ ಎಂಬ ಗೆರೆ ದೀಕ್ಷಾಸ್ನಾನದ ನೀರಿನಲ್ಲೂ ಪೂರ್ತಿ ತೊಳೆದುಹೋಗಿಲ್ಲ. ಮದುವೆಯ ಮಾತು ಬಂದಾಗ ಅದು ಮೆಲ್ಲಗೆ ತಲೆ ಎತ್ತುತ್ತದೆ. ಆದರೂ ಸಭೆಯನ್ನು ಹೆಚ್ಚು ಸವೆಸುತ್ತಿರುವುದು ಈ ಒಳಜಗಳಗಳಲ್ಲ, ಎರಡು ಹೆಸರುಗಳ ಬದುಕು. ಕಾಗದದಲ್ಲಿ ಒಂದು ಧರ್ಮ, ಪೀಠದ ಮುಂದೆ ಒಂದು. ಇದನ್ನು ವಂಚನೆ ಎನ್ನುವವರಿದ್ದಾರೆ. ಕಾನೂನು ಹಾಗೆನ್ನಲು ಅವಕಾಶವನ್ನೂ ಕೊಡುತ್ತದೆ. ಆದರೆ ಬಾವಿಯ ಬಳಿ ಜಾತಿ ಕೇಳಿದ ಊರು ಧರ್ಮ ಕೇಳಿರಲಿಲ್ಲ ಎಂಬುದನ್ನು ಮರೆಯಬಾರದು. ಪರಿಣಾಮವಾಗಿ ನೌಕರಿ ಹಿಡಿದ ತರುಣ ಸಭೆಯ ಸಮಿತಿಗೆ ಹೆಸರು ಕೊಡಲು ಹಿಂಜರಿಯುತ್ತಾನೆ. ಯಾರು ಕೊಟ್ಟರು, ಯಾರಿಗೆ ಕೊಟ್ಟೆವು ಎಂದು ಬರೆದಿಡಲು ಖಜಾಂಚಿ ಅಂಜುತ್ತಾನೆ. ಆರೈಕೆಯ ಲೆಕ್ಕವೇ ಅಪಾಯದ ದಾಖಲೆಯಾದರೆ ಸಭೆ ನಡೆಯುವುದು ಹೇಗೆ?

ಈ ಪ್ರಶ್ನೆ 2004ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಪರಿಶಿಷ್ಟ ಜಾತಿಯ ಸ್ಥಾನವನ್ನು ಧರ್ಮದಿಂದ ಬೇರ್ಪಡಿಸಬೇಕೆಂದು ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ರಚಿಸಿತು. ಇದಕ್ಕೆ ವಿರುದ್ಧವಾಗಿರುವ ದಲಿತ ಸಂಘಟನೆಗಳ ಆತಂಕವೂ ಹುಸಿಯಲ್ಲ. ಇರುವ ಪಾಲು ಹೆಚ್ಚದೆ ಹಂಚಿಕೊಳ್ಳುವವರು ಹೆಚ್ಚಿದರೆ ಎಂಬ ಭಯ ಬಡವನ ಸಹಜ ಭಯ. ಪಾಲನ್ನೂ ಹೆಚ್ಚಿಸಿ ಬಾಗಿಲನ್ನೂ ತೆರೆಯುವುದು ಸಾಧ್ಯವೆಂಬುದು ನನ್ನ ಅಭಿಪ್ರಾಯ. 2013ರಲ್ಲಿ ಜಾರಿಗೆ ಬಂದ 371ಜೆ ವಿಧಿ ಈ ಪ್ರದೇಶದ ಮಕ್ಕಳಿಗೆ ಸೀಟು, ನೌಕರಿಗಳಲ್ಲಿ ಸ್ಥಳೀಯ ಮೀಸಲಾತಿ ಕೊಟ್ಟಾಗ ಯಾರ ಗೋಡೆಯ ಮೇಲೆ ಯಾವ ಚಿತ್ರವಿದೆ ಎಂದು ಕೇಳಲಿಲ್ಲ.

ಕಳೆದ ವರ್ಷ ಸುಗ್ಗಿಯ ಹಬ್ಬಕ್ಕೆ ಮತ್ತೆ ಆ ಊರಿಗೆ ಹೋಗಿದ್ದೆ. ಡಬ್ಬಿ ತೋರಿಸಿದ ತಾಯಿ ಈಗಿಲ್ಲ. ಹುಡುಗರು ಹೈದರಾಬಾದ್, ಪುಣೆ ಸೇರಿದ್ದಾರೆ. ನವೆಂಬರಿನಲ್ಲಿ ವಿಕಾರಾಬಾದ್ ಸಮೀಪದ ಧಾರೂರಿನ ಮೆಥೋಡಿಸ್ಟ್ ಜಾತ್ರೆಗೆ ಬಂದರೆ ಅಲ್ಲೇ ಒಬ್ಬರನ್ನೊಬ್ಬರು ನೋಡುವುದಂತೆ. ಹರಾಜು ಒಂದೇ ತಾಸಿನಲ್ಲಿ ಮುಗಿಯಿತು. ನಾಲ್ಕೈದು ಮುದುಕಿಯರು ಸೀರೆಯ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬಂದಿದ್ದರು. ಉಳಿದ ಕಾಣಿಕೆಯೆಲ್ಲ ಫೋನಿಗೆ ಬರುತ್ತಿತ್ತು.

ಖಜಾಂಚಿ ನನ್ನ ಪಕ್ಕದಲ್ಲೇ ಕುಳಿತಿದ್ದರು. ಫೋನಿನ ಪರದೆಯ ಮೇಲೆ ಮೊತ್ತ, ಅದರ ಮೇಲೆ ಕಳಿಸಿದವರ ಹೆಸರು. ಎರಡು ಸಾವಿರ ರೂಪಾಯಿಯ ಮುಂದೆ ಮೂಡಿದ ಹೆಣ್ಣುಹೆಸರನ್ನು ನಾನು ತಕ್ಷಣ ಗುರುತಿಸಿದೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಶಾಲಾ ದಾಖಲೆಯಲ್ಲಿ ಓದಿ, ಕಡತದಲ್ಲಿ ನಕಲು ಮಾಡಿದ್ದ ಹೆಸರು. ಇವರು ಯಾರು ಎಂದು ಕೇಳಿದೆ. ಖಜಾಂಚಿ ನನ್ನ ಮುಖವನ್ನು ಒಂದು ಕ್ಷಣ ನೋಡಿದರು.

‘ನಮ್ಮವರೇ, ಸಾಹೇಬ್ರ’ ಎಂದು ಹೇಳಿ ಫೋನನ್ನು ಜೇಬಿಗಿಳಿಸಿಕೊಂಡರು.