ಹ್ಯಾಂಡಲ್ ನಡುಗಿದರೆ ಹಿಂದಿನ ಚಕ್ರವನ್ನೂ ನೋಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಯೆಜ್ಡಿಗಳಲ್ಲಿ ತೀರಾ ಕೊನೆಯದಕ್ಕೂ ಈಗ ಕಾಲು ಶತಮಾನ ದಾಟಿದೆ. ಇಂಥ ಗಾಡಿಗಳನ್ನು ಸಾಕುವವರು ಇಂಜಿನ್ನಿಗೆ, ಬಣ್ಣಕ್ಕೆ, ಕ್ರೋಮ್‌ಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಹ್ಯಾಂಡಲ್ ನಡುಗಲು ಶುರುವಾದರೆ ಮಾತ್ರ ಬಹುತೇಕ ಗ್ಯಾರೇಜುಗಳಲ್ಲಿ ಮದ್ದು ಒಂದೇ: ಹ್ಯಾಂಡಲ್ ತಿರುಗುವ ಬೇರಿಂಗ್ ಆದ ಕೋನ್ ಸೆಟ್ ಬಿಗಿ ಮಾಡುವುದು. ನಡುಕ ಕಾಣುವುದು ಹ್ಯಾಂಡಲ್‌ನಲ್ಲಿ, ಆದ್ದರಿಂದ ದೋಷವೂ ಅಲ್ಲೇ ಇರಬೇಕು ಎಂಬುದು ಈ ಚಿಕಿತ್ಸೆಯ ಹಿಂದಿರುವ ತರ್ಕ. ಆ ತರ್ಕ ಅರ್ಧ ಮಾತ್ರ ಸರಿ.

ಅಸ್ಥಿರತೆಯಲ್ಲಿ ಎರಡು ಬಗೆ. ಮಧ್ಯಮ ವೇಗದಲ್ಲಿ, ಅದರಲ್ಲೂ ಆಕ್ಸಿಲರೇಟರ್ ಬಿಟ್ಟು ವೇಗ ಇಳಿಯುವಾಗ, ಹ್ಯಾಂಡಲ್ ಮಾತ್ರ ಬೇಗಬೇಗ ಎಡಬಲಕ್ಕೆ ಬಡಿದುಕೊಂಡರೆ ಮೊದಲು ಮುಂದಿನ ಟೈರು, ರಿಮ್, ಚಕ್ರದ ಬೇರಿಂಗ್, ಕೋನ್ ಸೆಟ್‌ಗಳನ್ನು ಅನುಮಾನಿಸಬೇಕು. ವೇಗ ಏರಿದಂತೆ ಗಾಡಿಯ ಇಡೀ ಮೈ ನಿಧಾನವಾಗಿ ಹಾವಿನಂತೆ ಹೊರಳಿದರೆ ಸಾಮಾನ್ಯವಾಗಿ ಕಾರಣ ಹಿಂದಿರುತ್ತದೆ. ಸೀಟಿನ ಹಿಂದೆ ಹೇರಿದ ಭಾರ, ಸೋತ ಶಾಕ್ ಅಬ್ಸಾರ್ಬರ್, ಗಾಳಿ ಇಳಿದ ಟೈರು, ಎಲ್ಲಕ್ಕಿಂತ ಹೆಚ್ಚಾಗಿ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಸವೆದ ಬುಷ್. ಈ ಬುಷ್ ಗ್ರೀಸ್ ಕಾಣದೆ ವರ್ಷಗಟ್ಟಲೆ ಸವೆದರೂ ಸದ್ದು ಮಾಡುವುದಿಲ್ಲ. ಅಲ್ಲಿ ಕೂದಲೆಳೆಯಷ್ಟು ಸಡಿಲ ಬಂದರೆ ಚಕ್ರದ ಅಂಚಿಗೆ ಹೋಗುವಷ್ಟರಲ್ಲಿ ಅದು ಹಲವು ಪಟ್ಟಾಗುತ್ತದೆ. ಆಗ ಹಿಂದಿನ ಚಕ್ರವೂ ತನ್ನಷ್ಟಕ್ಕೆ ದಿಕ್ಕು ತಿರುಗಿಸತೊಡಗುತ್ತದೆ. ಪರೀಕ್ಷೆಗೆ ಕಾಸೂ ಬೇಡ: ಸೆಂಟರ್ ಸ್ಟ್ಯಾಂಡ್ ಹಾಕಿ, ಒಂದು ಕೈಯಲ್ಲಿ ಫ್ರೇಮ್, ಇನ್ನೊಂದರಲ್ಲಿ ಸ್ವಿಂಗ್ ಆರ್ಮ್‌ನ ತುದಿ ಹಿಡಿದು ಪಕ್ಕಕ್ಕೆ ಜಗ್ಗಿ. ಕಟಕ್ ಎಂದರೆ ಬುಷ್ ಮುಗಿದಿದೆ.

ಕೋನ್ ಬಿಗಿ ಮಾಡಿದ ಮೇಲೆ ನಡುಕ ನಿಂತೇಹೋಯಿತಲ್ಲ ಎನ್ನುವವರಿದ್ದಾರೆ. ಕೋನ್ ನಿಜಕ್ಕೂ ಸಡಿಲವಾಗಿದ್ದರೆ ಅದು ಸರಿಯಾದ ರಿಪೇರಿಯೇ. ಇಲ್ಲದಿದ್ದರೆ ನಿಂತದ್ದು ನಡುಕವಷ್ಟೇ, ಕಾರಣವಲ್ಲ. ಬಿಗಿದ ಬೇರಿಂಗಿನ ಘರ್ಷಣೆ ಅದನ್ನು ಅದುಮಿಡುತ್ತದೆ. ಆದರೆ ಓಡುವ ಬೈಕು ನೆಟ್ಟಗೆ ನಿಲ್ಲುವುದೇ ಹ್ಯಾಂಡಲ್ ಕ್ಷಣಕ್ಷಣವೂ ತನ್ನನ್ನು ತಾನೇ ತಿದ್ದಿಕೊಳ್ಳುವುದರಿಂದ. ಆ ಸ್ವಾತಂತ್ರ್ಯ ಕಸಿದರೆ ನಿಧಾನ ವೇಗದಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ, ವೇಗದಲ್ಲಿ ಹೊರಳಾಟ ಹೆಚ್ಚುತ್ತದೆ. ಮೇಲಾಗಿ ಗುಂಡುಗಳು ಬಟ್ಟಲಿನಲ್ಲಿ ಕುಳಿ ತೋಡುತ್ತವೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಬಂದು ಹಲ್ಲಿಗೆ ಸಿಕ್ಕಂತೆ ನಿಂತರೆ ಸ್ಪ್ಯಾನರ್ ಬದಿಗಿಟ್ಟು ಸೆಟ್ಟನ್ನೇ ಬದಲಿಸಬೇಕು. ಹಳೆಯ ಬುಲೆಟ್‌ಗಳ ಹ್ಯಾಂಡಲ್ ನಡುವಿನ ಡ್ಯಾಂಪರ್ ಗುಬುಟನ್ನು ತಿರುಗಿಸಿ ಬಿಗಿ ಮಾಡುವವರಿಗೂ ಇದೇ ಉತ್ತರ. ಇಂಥ ಘರ್ಷಣೆಯ ಡ್ಯಾಂಪರ್ ಸೈಡ್‌ಕಾರ್ ಕಟ್ಟಿದಾಗ ಬಹಳ ಉಪಯೋಗ. ಸವೆದ ಬುಷ್‌ಗೆ ಅದು ಔಷಧವಲ್ಲ.

ಹಳೇ ಗಾಡಿ ಅಂದಮೇಲೆ ಇಷ್ಟೆಲ್ಲ ಸಹಜ ಎಂಬ ಮಾತಂತೂ ಸೋಮಾರಿತನ. ಫ್ರೇಮ್ ಬಾಗಿರದಿದ್ದರೆ ಉಳಿದ ದೋಷವೆಲ್ಲ ಬದಲಾಯಿಸಬಹುದಾದ ಭಾಗಗಳಲ್ಲೇ ಇರುತ್ತದೆ. ಟೈರಿನ ಪಕ್ಕೆಯ 4 ಅಂಕಿ ಓದಿ: 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಟ್ರೆಡ್ ಎಷ್ಟೇ ಉಳಿದಿರಲಿ, ಗಡುಸಾಗಿ ಬಿರುಕುಬಿಟ್ಟ ರಬ್ಬರು ಬೇಡ. ಚೈನ್ ಬಿಗಿ ಮಾಡುವಾಗ ಸ್ವಿಂಗ್ ಆರ್ಮ್ ಮೇಲಿನ ಗುರುತುಗಳನ್ನು ನೆಚ್ಚದೆ ಎರಡೂ ಚಕ್ರಗಳಿಗೆ ದಾರ ಎಳೆದು ಸಾಲು ನೋಡಿ. ಓಡಿಸುತ್ತಲೇ ಕೈಬಿಟ್ಟು ಪರೀಕ್ಷಿಸುವ ಸಾಹಸ ಬೇಡ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನೇರವಾಗಿ ಕೋನ್‌ಗೆ ಸ್ಪ್ಯಾನರ್ ಹಾಕಹೊರಟರೆ, ಮೊದಲು ಹಿಂದಿನ ಚಕ್ರ ಅಲ್ಲಾಡಿಸಿ ನೋಡಲು ಹೇಳಿ.